ಮರಳಿ ಫ್ರಾನ್ಸ್‌ಗೆ: ದೀರ್ಘಾವಧಿ ವೀಸಾ ಸಂದರ್ಶನಕ್ಕೆ ಮುನ್ನ

ಫ್ರಾನ್ಸ್‌ನಲ್ಲಿ ಓದಿ ಹಿಂತಿರುಗಿದ ಯುವಕ ಯುವತಿಯರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯ ಭಾಗದಲ್ಲಿರುವುದು ಸಭಿಕರ ಪ್ರಶ್ನೆಗಳು.

ಎಲ್ಲರಿಗೂ ನಮಸ್ಕಾರ.

ಈ ಸಭೆಯ ವಿಷಯ ತಿಳಿದ ಮೇಲೆ ನಿಮ್ಮಲ್ಲೊಬ್ಬರು ನನಗೆ ಫೋನ್ ಮಾಡಿದ್ದರು. "ಸರ್, ನಾನು ಒಮ್ಮೆ ಫ್ರಾನ್ಸ್‌ಗೆ ಹೋಗಿ ಓದಿ ಬಂದವನು. ವೀಸಾ ಪಡೆಯುವುದು ಹೇಗೆಂದು ಗೊತ್ತಿದೆ. ಎರಡನೆಯ ಸಲ ಸುಲಭ ಅಲ್ಲವೇ?" ಎಂದು ಕೇಳಿದರು. ಫೋನಿನಲ್ಲಿ ಎರಡು ನಿಮಿಷಕ್ಕೆ ಹೇಳಿ ಮುಗಿಸುವ ಉತ್ತರ ನನ್ನ ಬಳಿ ಇರಲಿಲ್ಲ. ಇವತ್ತಿನ ಮಾತೆಲ್ಲ ಅವರ ಪ್ರಶ್ನೆಗೇ ಉತ್ತರ ಎಂದು ತಿಳಿಯಿರಿ.

ಮೊದಲ ಸಲ ಅರ್ಜಿ ಹಾಕಿದಾಗ ನಾವು ಹೇಳಿದ್ದೆಲ್ಲ ಮುಂದಿನ ಮಾತು. ಇದನ್ನು ಓದುತ್ತೇನೆ, ಖರ್ಚನ್ನು ಹೀಗೆ ನಿಭಾಯಿಸುತ್ತೇನೆ, ಓದು ಮುಗಿದ ಮೇಲೆ ಇಂಥ ಕೆಲಸ ಮಾಡುತ್ತೇನೆ ಎಂದೆವು. ಅವರು ನಂಬಿ ವೀಸಾ ಕೊಟ್ಟರು. ಈಗ ನಮ್ಮ ಹೆಸರಿನಲ್ಲಿ ಒಂದು ಕಡತವಿದೆ. ಆಗ ಹೇಳಿದ್ದಕ್ಕೂ ಆಮೇಲೆ ಮಾಡಿದ್ದಕ್ಕೂ ತಾಳೆ ಹಾಕಿ ನೋಡುವವರು ಮೇಜಿನ ಆಚೆ ಬದಿಯಲ್ಲಿ ಕುಳಿತಿರುತ್ತಾರೆ. ಒಮ್ಮೆ ಹೋಗಿ ಬಂದದ್ದು ನಮಗೆ ಬಲ ನಿಜ, ಆದರೆ ಕಡತ ನಮ್ಮ ಮಾತಿಗೆ ಹೊಂದಿಕೊಂಡರೆ ಮಾತ್ರ. ಹಾಗಾಗಿ ಈ ಸಂದರ್ಶನದ ತಯಾರಿ ಎಂದರೆ ಆ ಹಳೆಯ ಕಡತವನ್ನು ಅವರಿಗಿಂತ ಮೊದಲು ನಾವು ಓದುವುದು ಎಂದೇ ನಾನು ನಂಬಿದ್ದೇನೆ.

ಯಾವ ವೀಸಾದ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. 180 ದಿನಗಳ ಅವಧಿಯಲ್ಲಿ 90 ದಿನಗಳವರೆಗೆ ಇರಲು ಬಿಡುವುದು ಷೆಂಗೆನ್ ಅಲ್ಪಾವಧಿ ವೀಸಾ (ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು). ಅದನ್ನು ಮೀರಿ ಇರಬೇಕಾದರೆ ಬೇಕಾದದ್ದು ದೀರ್ಘಾವಧಿ ವೀಸಾ, ಅಂದರೆ 'ಡಿ' ವರ್ಗದ್ದು. ಇದು ಷೆಂಗೆನ್ ಒಕ್ಕೂಟದ ವೀಸಾ ಅಲ್ಲ, ಫ್ರಾನ್ಸ್ ತಾನೇ ಕೊಡುವ ರಾಷ್ಟ್ರೀಯ ವೀಸಾ. ನೀವು ವಿದ್ಯಾರ್ಥಿಯಾಗಿ ಹೋದಾಗ ಪಡೆದದ್ದೂ ಇದೇ ವರ್ಗದ್ದು. ವಾಸದ ಪರವಾನಗಿಗೆ ಸಮನಾದ ದೀರ್ಘಾವಧಿ ವೀಸಾವನ್ನು ನಾವೆಲ್ಲ ವಿಎಲ್‌ಎಸ್-ಟಿಎಸ್ ಎಂದೇ ಕರೆಯುತ್ತಿದ್ದೆವು. ಅಲ್ಲಿಗೆ ಇಳಿದ 3 ತಿಂಗಳೊಳಗೆ ಅದನ್ನು ಆನ್‌ಲೈನ್‌ನಲ್ಲಿ ಊರ್ಜಿತಗೊಳಿಸಿ, ಶುಲ್ಕ ಕಟ್ಟಿ, ದೃಢೀಕರಣದ ಪುಟ ಇಳಿಸಿಕೊಂಡದ್ದು ನೆನಪಿರಬಹುದು. ಆ ಪುಟ ಎಲ್ಲಿದೆ? ಇವತ್ತು ಮನೆಗೆ ಹೋದ ಕೂಡಲೇ ಹುಡುಕಿ. ಅದು ಇಲ್ಲದಿದ್ದರೆ ಮೊದಲ ವರ್ಷ ನೀವು ಅಲ್ಲಿ ಕ್ರಮಬದ್ಧವಾಗಿ ಇದ್ದಿರಿ ಎಂದು ತೋರಿಸಲು ಬರಿ ಬಾಯಿಮಾತು ಉಳಿಯುತ್ತದೆ.

ನಿಮ್ಮಲ್ಲಿ ಹೆಚ್ಚಿನವರು ಹಾಕಲು ಹೊರಟಿರುವುದು ಉದ್ಯೋಗ ಹುಡುಕಾಟ ಅಥವಾ ಉದ್ಯಮ ಸ್ಥಾಪನೆಯ ದೀರ್ಘಾವಧಿ ವೀಸಾಕ್ಕೆ. ಕೆಲವರಿಗೆ ಆಗಲೇ ಕೆಲಸ ಸಿಕ್ಕಿದ್ದು, ನೌಕರರ ವೀಸಾಕ್ಕೋ ಪ್ರತಿಭಾ ವೀಸಾಕ್ಕೋ ಹಾಕುತ್ತೀರಿ. ಅವರಿಗೆ ಕಂಪನಿಯ ಕಾಗದಗಳೇ ಅರ್ಧ ದಾರಿ ಸವೆಸುತ್ತವೆ. ಆದ್ದರಿಂದ ನಾನು ಮೊದಲಿನವರ ಕಡೆಗೇ ಹೆಚ್ಚು ಮಾತನಾಡುತ್ತೇನೆ.

ಫ್ರಾನ್ಸ್‌ನಲ್ಲಿ ಸ್ನಾತಕೋತ್ತರ ಮಟ್ಟದ ಪದವಿ ಪಡೆದು ತಾಯ್ನಾಡಿಗೆ ಮರಳಿದವರು ಪದವಿ ಬಂದ 4 ವರ್ಷಗಳ ಒಳಗೆ ಈ ವೀಸಾಕ್ಕೆ ಅರ್ಜಿ ಹಾಕಬಹುದು ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಓದು ಮುಗಿದ ಕೂಡಲೇ ಅಲ್ಲೇ ಇದ್ದು ಕೆಲಸ ಹುಡುಕದಿದ್ದರೆ ಬಾಗಿಲು ಮುಚ್ಚಿತು ಎಂದುಕೊಂಡು ಸುಮ್ಮನಾದವರನ್ನು ನಾನು ಕಂಡಿದ್ದೇನೆ, ಅವರ ನೋವನ್ನೂ ಕೇಳಿದ್ದೇನೆ. ಇನ್ನೊಂದು ವಿಷಯ. ಭಾರತ ಮತ್ತು ಫ್ರಾನ್ಸ್ ನಡುವೆ ವಲಸೆ ಮತ್ತು ಸಂಚಾರ ಕುರಿತ ಒಪ್ಪಂದಕ್ಕೆ 2018ರ ಮಾರ್ಚ್ 10ರಂದು ದೆಹಲಿಯಲ್ಲಿ ಸಹಿ ಬಿತ್ತು, 2021ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂತು. ಸ್ನಾತಕೋತ್ತರ ಪದವಿ ಪಡೆದ ಭಾರತೀಯರಿಗೆ ಕೆಲಸ ಹುಡುಕಲು ಸಿಗುವ 12 ತಿಂಗಳ ಅವಧಿಯನ್ನು ಒಮ್ಮೆ ನವೀಕರಿಸಿಕೊಳ್ಳಲು ಆ ಒಪ್ಪಂದದಲ್ಲಿ ಅವಕಾಶವಿದೆ. ಸಂದರ್ಶನಕ್ಕೆ ಹೋಗುವ ಮುನ್ನ ಇದನ್ನು ತಿಳಿದಿರಬೇಕು. ನೀವು ಕೇಳುತ್ತಿರುವುದು ಯಾರೋ ಮನಸ್ಸು ಮಾಡಿ ಕೊಡುವ ಉಪಕಾರವಲ್ಲ, ಎರಡು ಸರ್ಕಾರಗಳು ಮಾತುಕತೆ ನಡೆಸಿ ತೆರೆದಿಟ್ಟ ದಾರಿ. ಇದು ಮನಸ್ಸಿನಲ್ಲಿದ್ದರೆ ಕುರ್ಚಿಯಲ್ಲಿ ಕೂರುವ ರೀತಿಯೇ ಬದಲಾಗುತ್ತದೆ.

ಇನ್ನು, ಪ್ರಶ್ನೆ ಕೇಳುವವರು ಯಾರು? ಇಲ್ಲಿ ದೊಡ್ಡ ಗೊಂದಲವಿದೆ. ಫ್ರಾನ್ಸ್-ವೀಸಾ ಜಾಲತಾಣದಲ್ಲಿ ಅರ್ಜಿ ತುಂಬುತ್ತೀರಿ, ವೀಸಾ ಕೇಂದ್ರದಲ್ಲಿ ಸಮಯ ಪಡೆದು ಕಾಗದ ಒಪ್ಪಿಸುತ್ತೀರಿ, ಬೆರಳಚ್ಚು ಮತ್ತು ಫೋಟೋ ಕೊಡುತ್ತೀರಿ, 99 ಯೂರೋ ಶುಲ್ಕ ಕಟ್ಟುತ್ತೀರಿ. ಕೌಂಟರಿನಲ್ಲಿ ಇರುವವರು ಕಾಗದಗಳು ಪೂರ್ತಿ ಇವೆಯೇ ಎಂದು ನೋಡುತ್ತಾರೆಯೇ ಹೊರತು ನಿಮ್ಮ ಭವಿಷ್ಯ ನಿರ್ಧರಿಸುವುದಿಲ್ಲ. ತೀರ್ಮಾನ ಕಾನ್ಸುಲೇಟಿನದು. ಅಲ್ಲಿಂದ ಸಂದರ್ಶನಕ್ಕೆ ಕರೆ ಬರಬಹುದು, ಬರದೆಯೂ ಇರಬಹುದು. ಕರೆ ಬಂದರೆ ಹೆದರಬೇಡಿ. ಕಡತದಲ್ಲಿ ಯಾವುದೋ ಒಂದು ಜಾಗ ಅವರಿಗೆ ಸ್ಪಷ್ಟವಾಗಿಲ್ಲ, ನಿಮ್ಮ ಬಾಯಿಂದಲೇ ಕೇಳಬೇಕು ಅನ್ನಿಸಿದೆ ಎಂದು ತಿಳಿಯಿರಿ. ಆ ಜಾಗ ಯಾವುದು ಎಂದು ಮೊದಲೇ ಊಹಿಸಿದವರು ಅರ್ಧ ಗೆದ್ದಂತೆ.

ವಿದ್ಯಾರ್ಥಿಯಾಗಿ ಹೊರಟಾಗ, ಹೊರದೇಶದ ವಿದ್ಯಾರ್ಥಿಗಳ ಅರ್ಜಿ ನೋಡುವ ಫ್ರೆಂಚ್ ಸಂಸ್ಥೆಯಾದ ಕ್ಯಾಂಪಸ್ ಫ್ರಾನ್ಸ್‌ನವರ ಸಂದರ್ಶನ ಎದುರಿಸಿದ್ದಿರಿ. ಇದೂ ಹಾಗೇ ಇರುತ್ತದೆ ಎಂದು ಆ ಹಳೆಯ ಉತ್ತರಗಳನ್ನೇ ತೆಗೆದುಕೊಂಡು ಹೋಗಬೇಡಿ. ಅಲ್ಲಿ ಕೇಳಿದ್ದು ಏನು ಓದುತ್ತೀರಿ, ಏಕೆ ಇದೇ ವಿಶ್ವವಿದ್ಯಾಲಯ ಎಂದು. ಇಲ್ಲಿ ಕೇಳುವುದು ಏನು ಮಾಡಿದಿರಿ ಎಂದು.

ನನ್ನದೇ ಅನುಭವ ಹೇಳುತ್ತೇನೆ. ನಾನು ಗ್ರೆನೋಬಲ್‌ನಲ್ಲಿ ಜಲವಿಜ್ಞಾನ ಓದಿದವನು. ಪದವಿ ಮುಗಿದ ಮೇಲೆ ಊರಿಗೆ ಮರಳಿ ಎರಡೂವರೆ ವರ್ಷ ಅಂತರ್ಜಲದ ಕೆಲಸ ಮಾಡಿದೆ, ಆಮೇಲೆ ದೀರ್ಘಾವಧಿ ವೀಸಾಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆ ಬಂತು. ಅಧಿಕಾರಿ ಐವತ್ತರ ಆಸುಪಾಸಿನ ಮಹಿಳೆ, ಮೃದು ದನಿ. ಎದುರಿಗೆ ನನ್ನ ಕಡತ, ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಎಳೆದ ಒಂದು ಗೆರೆ. ಫ್ರಾನ್ಸ್‌ಗೆ ಮತ್ತೆ ಏಕೆ ಎಂದು ಕೇಳಿದರು. ಆಲ್ಪ್ಸ್ ಪರ್ವತಗಳ ನಡುವಿನ ಆ ನಗರ, ಪ್ರಾಧ್ಯಾಪಕರ ವಾತ್ಸಲ್ಯ, ಪ್ರಯೋಗಾಲಯಗಳ ಗುಣಮಟ್ಟ, ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಪೆನ್ಸಿಲನ್ನು ಕೆಳಗಿಟ್ಟು, "ಸರಿ. ಆದರೆ ಈಗ ಏಕೆ?" ಎಂದರು.

ಆ ಪ್ರಶ್ನೆ ನನ್ನನ್ನು ಎಚ್ಚರಿಸಿತು. ಮೊದಲ ಅರ್ಜಿಯಲ್ಲಿ ನಾನು ಓದಿ ಮುಗಿಸಿ ನನ್ನ ದೇಶದ ನೀರಿನ ಸಮಸ್ಯೆಯ ಮೇಲೆ ಕೆಲಸ ಮಾಡುತ್ತೇನೆ ಎಂದು ಬರೆದಿದ್ದೆ. ಹಾಗೆ ಬರೆದವನು ಈಗ ಮತ್ತೆ ಅಲ್ಲಿಗೆ ಹೊರಟಿದ್ದಾನೆ. ಅವರು ಕೇಳುತ್ತಿದ್ದದ್ದು ಈ ಎರಡರ ನಡುವಿನ ಸೇತುವೆಯನ್ನು. ಪರ್ವತದ ಮಾತು ಬಿಟ್ಟು ಇದ್ದದ್ದನ್ನು ಹೇಳಿದೆ. ಮಾತು ಕೊಟ್ಟಂತೆ ಮರಳಿದೆ, ಎರಡೂವರೆ ವರ್ಷ ಕೊಳವೆಬಾವಿಗಳ ನೀರಿನ ಮಟ್ಟ ಅಳೆದೆ. ಅಳತೆಗಳು ರಾಶಿ ಬಿದ್ದಿವೆ, ಆದರೆ ಅವನ್ನು ಗಣಿತದ ಮಾದರಿಗೆ ಇಳಿಸುವ ಅನುಭವ ನನಗಿಲ್ಲ, ಅದನ್ನು ದಿನನಿತ್ಯ ಮಾಡುವ ಸಂಸ್ಥೆಗಳು ನಾನು ಓದಿದ ಪ್ರದೇಶದಲ್ಲೇ ಇವೆ. ಪದವಿ ಪಡೆದ ದಿನದಿಂದ 4 ವರ್ಷ ತುಂಬಲು ಇನ್ನು ಒಂದೂವರೆ ವರ್ಷ ಇದೆ, ಅದಕ್ಕೇ ಈಗ. ಇಷ್ಟೇ. ಅವರು ಪೆನ್ಸಿಲ್ ಮತ್ತೆ ಕೈಗೆತ್ತಿಕೊಂಡು ಬರೆದುಕೊಂಡರು. ಮುಂದಿನ ಪ್ರಶ್ನೆ ಮನೆ ಬಾಡಿಗೆಯದು.

"ಈಗ ಏಕೆ?" ನಿಮಗೂ ಈ ಪ್ರಶ್ನೆ ಯಾವುದಾದರೂ ರೂಪದಲ್ಲಿ ಬಂದೇ ಬರುತ್ತದೆ. ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳುವುದರಿಂದ ಪ್ರಯೋಜನ ಕಡಿಮೆ. ಉತ್ತರ ತಾನಾಗಿ ಹೊರಬರುವಂತೆ ನಿಮ್ಮ ವರ್ಷಗಳನ್ನು ಜೋಡಿಸಿಟ್ಟುಕೊಳ್ಳಬೇಕು. ಅದಕ್ಕೆ ನಾನು ಎಲ್ಲರಿಗೂ ಒಂದು ಕೆಲಸ ಹೇಳುತ್ತೇನೆ. ಒಂದು ಉದ್ದನೆಯ ಹಾಳೆ ತೆಗೆದುಕೊಂಡು, ವಿದ್ಯಾರ್ಥಿ ವೀಸಾ ಸಿಕ್ಕ ತಿಂಗಳಿನಿಂದ ಇವತ್ತಿನವರೆಗೆ ಪ್ರತಿ ತಿಂಗಳಿಗೂ ಒಂದು ಸಾಲು ಬರೆಯಿರಿ. ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ, ಜೀವನ ನಡೆಸಲು ಹಣ ಎಲ್ಲಿಂದ ಬಂತು, ಅದನ್ನು ತೋರಿಸುವ ಕಾಗದ ಯಾವುದು. ನಾಲ್ಕೂ ತುಂಬಿದ ಸಾಲು ಗಟ್ಟಿ. ಒಂದು ಖಾಲಿ ಬಿದ್ದರೆ ಅಲ್ಲೇ ಪ್ರಶ್ನೆ ಹುಟ್ಟುತ್ತದೆ. ಇದರ ಜೊತೆಗೆ, ಮೊದಲ ಸಲ ಸಲ್ಲಿಸಿದ್ದ ಪ್ರೇರಣಾ ಪತ್ರವನ್ನು, ಅಂದರೆ ಏಕೆ ಹೋಗಬೇಕೆಂದಿದ್ದೇನೆ ಎಂದು ವಿವರಿಸಿ ಬರೆದದ್ದನ್ನು, ನಿಮ್ಮ ಹಳೆಯ ಇ-ಮೇಲ್‌ಗಳಲ್ಲಿ ಹುಡುಕಿ ಓದಿ. ತಾವೇ ಬರೆದದ್ದನ್ನು ಮರೆತು ಸಂದರ್ಶನಕ್ಕೆ ಹೋಗುವವರೇ ಹೆಚ್ಚು ಎಂಬುದು ನನಗೆ ಇವತ್ತಿಗೂ ಬೇಸರದ ವಿಷಯ.

ಒಬ್ಬ ತಂಗಿಯ ಕಡತ ಜೋಡಿಸಲು ಹೋಗಿದ್ದೆ. ಮನೆಯ ನೆಲದ ಮೇಲೆ ಚಾಪೆ ಹಾಸಿ ಕಾಗದಗಳನ್ನೆಲ್ಲ ಹರಡಿದ್ದಳು. ಪದವಿ ಪತ್ರ, ಎರಡನೆಯ ವರ್ಷದ ಅಂಕಪಟ್ಟಿ, ಇಂಟರ್ನ್‌ಷಿಪ್ ಒಪ್ಪಂದ ಎಲ್ಲ ಅಚ್ಚುಕಟ್ಟಾಗಿದ್ದವು. ಮೊದಲ ವರ್ಷದ ಅಂಕಪಟ್ಟಿ ಮಾತ್ರ ಆರೋಗ್ಯ ವಿಮೆಯ ಕಾಗದಗಳ ಅಡಿಯಲ್ಲಿ, ಮಡಚಿದ ಸ್ಥಿತಿಯಲ್ಲಿ ಸಿಕ್ಕಿತು. ಬಿಚ್ಚಿ ನೋಡಿದೆ. ಮೊದಲ ಸೆಮಿಸ್ಟರಿನ ಎದುರು 'ಅಜೂರ್ನೆ' ಎಂದಿತ್ತು. ಅಂದರೆ ತೇರ್ಗಡೆಯಾಗಿಲ್ಲ. ಆ ವರ್ಷವನ್ನು ಅವಳು ಮತ್ತೊಮ್ಮೆ ಓದಿದ್ದಳು, ಎರಡು ವರ್ಷದ ಕೋರ್ಸ್ ಮೂರು ವರ್ಷ ಹಿಡಿದಿತ್ತು. "ಇದನ್ನು ಕೊಡಲೇಬೇಕಾ ಅಣ್ಣಾ?" ಎಂದಳು.

ಪದವಿಗೆ ಮೂರು ವರ್ಷ ಹಿಡಿದದ್ದು ವಾಸದ ಪರವಾನಗಿಯ ದಿನಾಂಕಗಳಲ್ಲೇ ಕಾಣುತ್ತದೆ, ಬಚ್ಚಿಡುವುದಾದರೂ ಹೇಗೆ? ಏನಾಗಿತ್ತು ಎಂದು ಕೇಳಿದೆ. ಡಿಸೆಂಬರಿನಲ್ಲಿ ಅವಳ ತಂದೆ ತೀರಿಕೊಂಡಿದ್ದರು. ಪರೀಕ್ಷೆ ಇದ್ದದ್ದು ಜನವರಿಯಲ್ಲಿ. ಅವಳು ಊರಿಗೆ ಬಂದು ಫೆಬ್ರವರಿಯವರೆಗೆ ತಾಯಿಯ ಜೊತೆ ಇದ್ದಳು. ಈ ವಿಷಯ ಅವಳ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ನಾವು ಇ-ಮೇಲ್‌ನಲ್ಲಿ ವಿಮಾನದ ಟಿಕೆಟ್ ಹುಡುಕಿದೆವು, ಮರಣ ಪ್ರಮಾಣಪತ್ರದ ಪ್ರತಿ ತೆಗೆದೆವು. ಆ ಅಂಕಪಟ್ಟಿಯನ್ನು ಮೇಲಕ್ಕೆ ತಂದು, ಅದರ ಹಿಂದೆ ಈ ಎರಡನ್ನು, ಅದರ ಹಿಂದೆ ಮರು ವರ್ಷದ 20ಕ್ಕೆ 13 ದಾಟಿದ ಅಂಕಪಟ್ಟಿಯನ್ನು ಇಟ್ಟೆವು. ಸಂದರ್ಶನದಲ್ಲಿ ಹೇಳಲು ಮೂರು ವಾಕ್ಯ ಮಾತ್ರ: ತಂದೆ ತೀರಿಕೊಂಡರು, ಪರೀಕ್ಷೆ ತಪ್ಪಿತು, ಮರು ವರ್ಷ ಎಲ್ಲವನ್ನೂ ಪೂರೈಸಿದೆ. ಆಮೇಲೆ ಫೋನ್ ಮಾಡಿ, ಆ ಬಗ್ಗೆ ಒಂದೇ ಪ್ರಶ್ನೆ ಬಂತು, ಉತ್ತರ ಕೇಳಿ ಅಧಿಕಾರಿ ಸಂತಾಪ ಹೇಳಿದರು ಎಂದಳು. ನಾಚಿಕೆಪಡುವಂಥದ್ದೇನೂ ಇಲ್ಲದ ಕಡೆ ಅವಳು ವರ್ಷಗಟ್ಟಲೆ ನಾಚಿಕೆಪಟ್ಟುಕೊಂಡಿದ್ದಳು.

ಅಂಕಗಳ ಮಾತು ಬಂದದ್ದರಿಂದ ಒಂದು ಮಾತು. ನಮ್ಮಲ್ಲಿ ಶೇಕಡ 60 ಎಂದರೆ ಮನೆಯವರ ಮುಖ ಬಾಡುತ್ತದೆ. ಆ ಲೆಕ್ಕದಲ್ಲೇ 20ಕ್ಕೆ 12 ಬಂದವರು ಸಂದರ್ಶನದಲ್ಲಿ ತಾವಾಗಿಯೇ ಕ್ಷಮೆ ಕೇಳುವ ದನಿಯಲ್ಲಿ ಮಾತು ಶುರು ಮಾಡುತ್ತಾರೆ. ಫ್ರೆಂಚ್ ಪದ್ಧತಿಯಲ್ಲಿ ತೇರ್ಗಡೆಗೆ 10 ಸಾಕು. 12ಕ್ಕೆ ಒಂದು ಶ್ರೇಣಿ, 14ಕ್ಕೆ ಅದರ ಮೇಲಿನದು, 16ಕ್ಕೆ ಅತ್ಯುತ್ತಮ ಶ್ರೇಣಿ. ಎದುರಿಗೆ ಕುಳಿತ ಫ್ರೆಂಚ್ ಅಧಿಕಾರಿಗೆ ಇದು ಚೆನ್ನಾಗಿ ಗೊತ್ತು. 12.5 ಒಳ್ಳೆಯ ಅಂಕ. ಅದನ್ನು ಒಳ್ಳೆಯ ಅಂಕದಂತೆಯೇ ಹೇಳಿ.

ಪದವಿ ಪತ್ರ ವಿಶ್ವವಿದ್ಯಾಲಯದಿಂದ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರವರೆಗೆ ಅವರು ಕೊಡುವ ತಾತ್ಕಾಲಿಕ ಉತ್ತೀರ್ಣ ಪತ್ರವನ್ನು ಕೇಳಿ ಪಡೆಯಿರಿ.

ಈಗ ಹೆಸರಿನ ವಿಷಯ. ಚಿಕ್ಕದೆಂದು ತೋರುತ್ತದೆ, ನನ್ನ ಲೆಕ್ಕದಲ್ಲಿ ನಮ್ಮ ಕಡೆಯವರನ್ನು ಇದರಷ್ಟು ಕಾಡುವುದು ಬೇರೆ ಇಲ್ಲ. ನಮ್ಮ ಹೆಸರಿಗೆ ಇನಿಷಿಯಲ್ ಇರುತ್ತದೆ. ಅದು ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಪದವಿಯಲ್ಲಿ ಹಿಂದೆ, ಹಳೆಯ ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗವೇ ಖಾಲಿ, ಹೊಸ ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಕುಟುಂಬದ ಹೆಸರಾಗಿ ಹಾಕಿದ್ದು. ಫ್ರೆಂಚ್ ಕಚೇರಿಗಳಲ್ಲಿ ಕುಟುಂಬದ ಹೆಸರು ದೊಡ್ಡಕ್ಷರದಲ್ಲಿ ಮೊದಲು ಬರುತ್ತದೆ. ಅದು ಬದಲಾದರೆ ಅವರ ಕಣ್ಣಿಗೆ ವ್ಯಕ್ತಿಯೇ ಬದಲಾದಂತೆ. ನನ್ನ ಪರಿಚಯದ ಒಬ್ಬರ ಫ್ರೆಂಚ್ ಪದವಿ ಪತ್ರದಲ್ಲಿ ಇದ್ದ ಹೆಸರಿಗೂ ನವೀಕರಿಸಿದ ಪಾಸ್‌ಪೋರ್ಟಿನ ಹೆಸರಿಗೂ ಒಂದೇ ಒಂದು ಪದ ಮಾತ್ರ ಸಮಾನವಾಗಿತ್ತು.

ಇದಕ್ಕೆ ಮದ್ದು ಇದೆ. ವೀಸಾ ಅಂಟಿಸಿದ್ದ ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಇಟ್ಟುಕೊಳ್ಳಿ, ಸಂದರ್ಶನಕ್ಕೂ ಒಯ್ಯಿರಿ. ಎರಡೂ ಪಾಸ್‌ಪೋರ್ಟುಗಳಲ್ಲಿ ಜನ್ಮದಿನಾಂಕ, ಜನ್ಮಸ್ಥಳ, ತಂದೆ ತಾಯಿಯ ಹೆಸರು ಒಂದೇ ಇವೆ ಎಂದು ತೋರಿಸಬಹುದು. ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಎಂಬ ಪ್ರಮಾಣಪತ್ರವನ್ನು ನೋಟರಿ ಬಳಿ ಮಾಡಿಸಿ. ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮುದ್ರೆ, ಅಂದರೆ ಕಾಗದ ಅಸಲಿ ಎಂದು ಹೊರದೇಶಕ್ಕೆ ದೃಢಪಡಿಸುವ ಸರ್ಕಾರಿ ಮುದ್ರೆ, ಕೇಳಿದರೆ ಗಾಬರಿ ಬೇಡ, ಅದನ್ನು ಮಾನ್ಯ ಮಾಡುವ ದೇಶಗಳ ಒಡಂಬಡಿಕೆಯಲ್ಲಿ ಭಾರತ 2005ರಿಂದಲೂ ಇದೆ. ಆದರೆ ಮುದ್ರೆ ಹಾಕಿಸಿಕೊಂಡು ಬರಲು ದಿನಗಳು ಬೇಕು, ಕೊನೆಯ ವಾರಕ್ಕೆ ಬಿಡಬೇಡಿ.

ಹಣದ ಪ್ರಶ್ನೆಗೆ ಬರೋಣ. ವಿದ್ಯಾರ್ಥಿಯಾಗಿ ಹೋಗುವಾಗ ತಿಂಗಳಿಗೆ 615 ಯೂರೋ ತೋರಿಸಿದ್ದಿರಿ. ಅದೇ ಮೊತ್ತ ಈಗಲೂ ಸಾಕು ಎಂದು ಲೆಕ್ಕ ಹಾಕಬೇಡಿ, ಯಾಕೆಂದರೆ ಈ ಸಲ ನಿಮಗೆ ಅಲ್ಲಿನ ಖರ್ಚು ಗೊತ್ತಿದೆ, ನಿಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿದೆ. ಎರಡು ವರ್ಷ ಲಿಯೋನ್‌ನಲ್ಲೋ ಪ್ಯಾರಿಸ್‌ನಲ್ಲೋ ಇದ್ದವರು "ಬಾಡಿಗೆ ಎಷ್ಟಾಗುತ್ತದೆಯೋ ನೋಡಬೇಕು" ಎಂದರೆ ಯಾರಿಗಾದರೂ ಸಂಶಯ ಬರುತ್ತದೆ. ಆಗ ನೀವು ಇದ್ದದ್ದು ವಿದ್ಯಾರ್ಥಿ ನಿಲಯದ ಕೋಣೆ, ಈಗ ಅದು ಸಿಗುವುದಿಲ್ಲ. ಹಾಗಾದರೆ ಮೊದಲ ತಿಂಗಳು ಎಲ್ಲಿ? ಗೆಳೆಯರ ಮನೆಯಾದರೆ ಅವರ ವಸತಿ ಪತ್ರ, ಅವರ ಗುರುತಿನ ಪ್ರತಿ ಇದೆಯೇ? ಬಾಡಿಗೆಗೆ, ಊಟಕ್ಕೆ, ಓಡಾಟಕ್ಕೆ, ವಿಮೆಗೆ ಎಂದು ಯೂರೋ ಲೆಕ್ಕದಲ್ಲಿ ಒಂದು ಚೀಟಿ ಬರೆದುಕೊಳ್ಳಿ. ಅದನ್ನು 12ರಿಂದ ಗುಣಿಸಿದ ಮೊತ್ತ ನಿಮ್ಮ ಬ್ಯಾಂಕ್ ಪುಸ್ತಕದಲ್ಲಿ ಇದೆಯೇ, ಇಲ್ಲದಿದ್ದರೆ ಉಳಿದದ್ದು ಎಲ್ಲಿಂದ ಎಂಬುದಕ್ಕೆ ನೇರ ಉತ್ತರ ಇರಲಿ. ಅರ್ಜಿಗೆ ಹದಿನೈದು ದಿನ ಮೊದಲು ಯಾರದೋ ಖಾತೆಯಿಂದ ಒಮ್ಮೆಲೇ ಬಂದು ಕುಳಿತ ದೊಡ್ಡ ಮೊತ್ತ ಹಿಂದಿನ ಆರು ತಿಂಗಳ ವ್ಯವಹಾರದ ಪಕ್ಕದಲ್ಲಿ ಎದ್ದು ಕಾಣುತ್ತದೆ. ಚಿಕ್ಕಪ್ಪ ಕೊಟ್ಟದ್ದಾದರೆ ಚಿಕ್ಕಪ್ಪ ಕೊಟ್ಟರು ಎಂದೇ ಹೇಳಿ, ಅವರಿಂದ ಪತ್ರ ತನ್ನಿ.

ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸದ ಬಗ್ಗೆಯೂ ಕೇಳಬಹುದು. ವಿದ್ಯಾರ್ಥಿಗೆ ವರ್ಷಕ್ಕೆ 964 ಗಂಟೆ ದುಡಿಯಲು ಅವಕಾಶ, ಅಂದರೆ ಅಲ್ಲಿನ ಪೂರ್ಣಾವಧಿ ದುಡಿಮೆಯ ಶೇಕಡ 60. ಕೋರ್ಸಿನ ಭಾಗವಾದ ಇಂಟರ್ನ್‌ಷಿಪ್ ಗಂಟೆಗಳು ಇದರಲ್ಲಿ ಸೇರುವುದಿಲ್ಲ. ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಗಂಟೆ ನಮೂದಾಗಿರುತ್ತದೆ. ಕೂಡಿಸಿ ನೋಡಿ. ಮಿತಿಯೊಳಗೆ ಇದ್ದರೆ ಅದು ನಿಮ್ಮ ಶಿಸ್ತಿಗೆ ಸಾಕ್ಷಿ, ಹೆಮ್ಮೆಯಿಂದ ಕಡತದಲ್ಲಿ ಇಡಿ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಂಡದ್ದು, ಮಕ್ಕಳನ್ನು ಶಾಲೆಯಿಂದ ಕರೆತಂದದ್ದು ನಿಮ್ಮ ಓದಿಗೆ ಸಂಬಂಧವಿಲ್ಲ ಎಂದು ಮರೆಮಾಡುವವರಿದ್ದಾರೆ. ಮರೆಮಾಡಬೇಡಿ. ತೆರಿಗೆ ಕಚೇರಿಯಿಂದ ಬಂದ ವಾರ್ಷಿಕ ಪತ್ರಗಳೂ ಇದ್ದರೆ ಇನ್ನೂ ಒಳ್ಳೆಯದು.

ಫ್ರಾನ್ಸ್ ತಿರಸ್ಕರಿಸಿದ ದೀರ್ಘಾವಧಿ ಅರ್ಜಿಗಳ ಪತ್ರದಲ್ಲಿ ಒಂದು ಕಾರಣ ಆಗಾಗ ಕಾಣಿಸುತ್ತದೆ: ವೀಸಾದ ಉದ್ದೇಶವನ್ನು ಬೇರೆಡೆಗೆ ತಿರುಗಿಸುವ ಅಪಾಯ. ಓದಲೆಂದು ಕೇಳಿ ಬೇರೇನೋ ಮಾಡುವುದು, ಕೆಲಸ ಹುಡುಕಲೆಂದು ಕೇಳಿ ಬೇರೇನೋ ಮಾಡುವುದು. ಈ ಸಂಶಯ ಮೂಡದಂತೆ ಮಾಡುವ ದಾರಿ ವಿವರ ಕೊಡುವುದು. "ನನ್ನ ಕ್ಷೇತ್ರದಲ್ಲಿ ಅವಕಾಶಗಳು ಬಹಳ ಇವೆ" ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಹುದ್ದೆ, ಫ್ರೆಂಚ್‌ನಲ್ಲಿ ಆ ಹುದ್ದೆಯನ್ನು ಏನೆಂದು ಕರೆಯುತ್ತಾರೆ, ಅಂಥ ಹುದ್ದೆಗಳು ಯಾವ ನಗರಗಳಲ್ಲಿವೆ, ಈಗಾಗಲೇ ಯಾರಿಗೆ ಬರೆದಿರಿ, ಯಾರು ಉತ್ತರಿಸಿದರು. "ಈಗ ಸಾಧ್ಯವಿಲ್ಲ, ಇಲ್ಲಿಗೆ ಬಂದ ಮೇಲೆ ಸಂಪರ್ಕಿಸಿ" ಎಂದ ಕಂಪನಿಯ ಒಂದು ಇ-ಮೇಲ್ ನಿಮ್ಮ ಹತ್ತು ವಾಕ್ಯಗಳಿಗಿಂತ ತೂಕದ್ದು. ನೀವು ಅಲ್ಲೇ ಇದ್ದು ಹುಡುಕಬೇಕಾದ ಅಗತ್ಯವನ್ನು ಅದು ತಾನೇ ಹೇಳುತ್ತದೆ. ಕಾಯಂ ಒಪ್ಪಂದಕ್ಕೂ ನಿಗದಿತ ಅವಧಿಯ ಒಪ್ಪಂದಕ್ಕೂ ವ್ಯತ್ಯಾಸ ತಿಳಿದಿರಲಿ. ಓದಿಗೆ ಸಂಬಂಧಪಟ್ಟ, ಕನಿಷ್ಠ ವೇತನದ ಒಂದೂವರೆ ಪಟ್ಟು ಸಂಬಳದ ಕೆಲಸ ಸಿಕ್ಕರೆ ನೌಕರರ ಪರವಾನಗಿಗೆ ಬದಲಾಯಿಸಿಕೊಳ್ಳುವಾಗ, ಆ ಕೆಲಸಕ್ಕೆ ಸ್ಥಳೀಯರು ಸಿಗುತ್ತಾರೆಯೇ ಎಂಬ ಪರಿಶೀಲನೆ ಇರುವುದಿಲ್ಲ ಎಂಬುದೂ ತಿಳಿದಿರಲಿ. ಮುಂದಿನ ಮೆಟ್ಟಿಲು ಗೊತ್ತಿರುವವರ ಮಾತು ಬೇರೆಯೇ ಇರುತ್ತದೆ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಾದರೂ ಎರಡು ವರ್ಷ ಇದ್ದವರಿಂದ ನಮಸ್ಕಾರ, ಪರಿಚಯ, ಮಾಡಿದ ಓದಿನ ವಿವರ ಫ್ರೆಂಚ್‌ನಲ್ಲಿ ಬಂದರೆ ಚೆನ್ನ. ತಡವರಿಸಿದರೂ ಪರವಾಗಿಲ್ಲ. ಕಷ್ಟವಾದಾಗ ಇಂಗ್ಲಿಷ್‌ನಲ್ಲಿ ಮುಂದುವರಿಯಬಹುದೇ ಎಂದು ಕೇಳಿ ಮುಂದುವರಿಯಿರಿ.

ಸಂದರ್ಶನದ ದಿನ ಸಮಯಕ್ಕೆ ಸರಿಯಾಗಿ ಹೋಗಿ, ಮೂಲ ಕಾಗದ ಮತ್ತು ಪ್ರತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ, ಕೇಳಿದ್ದಕ್ಕೆ ಉತ್ತರಿಸಿ ನಿಲ್ಲಿಸಿ. ಉತ್ತರ ನೆನಪಾಗದಿದ್ದರೆ ಊಹಿಸಿ ಹೇಳದೆ, "ದಿನಾಂಕ ಕಾಗದದಲ್ಲಿದೆ, ನೋಡಿ ಹೇಳಲೇ?" ಎನ್ನಿ. ಯಾರೂ ಬೇಡ ಎನ್ನುವುದಿಲ್ಲ.

ನಿರಾಕರಣೆ ಬಂದರೆ? ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ನಾಂತ್ ನಗರದಲ್ಲಿ ವೀಸಾ ನಿರಾಕರಣೆಯ ಮೇಲ್ಮನವಿ ಆಯೋಗವಿದೆ. ನಿರಾಕರಣೆ ತಿಳಿದ 30 ದಿನಗಳೊಳಗೆ ಅಲ್ಲಿಗೆ ಬರೆಯಬೇಕು. ಮೊದಲು 2 ತಿಂಗಳಿತ್ತು, 2023ರ ಜನವರಿ 1ರಿಂದ 30 ದಿನವಾಗಿದೆ. ಹಳೆಯ ಮಾಹಿತಿ ನಂಬಿ ಗಡುವು ತಪ್ಪಿಸಿಕೊಂಡವರಿದ್ದಾರೆ. ಆಯೋಗವೂ ತಿರಸ್ಕರಿಸಿದರೆ ಅದೇ ನಗರದ ಆಡಳಿತ ನ್ಯಾಯಾಲಯವಿದೆ. ಆದರೆ ಕಾರಣ ಒಂದು ಕಾಗದದ ಕೊರತೆಯಷ್ಟೇ ಆಗಿದ್ದರೆ ಅದನ್ನು ಸರಿಪಡಿಸಿ ಹೊಸ ಅರ್ಜಿ ಹಾಕುವುದೇ ಬೇಗ ಮುಗಿಯುವ ದಾರಿ ಎಂಬುದು ನನ್ನ ಅಭಿಪ್ರಾಯ. 4 ವರ್ಷದ ಗಡುವು ಹತ್ತಿರವಿರುವವರು ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ಕೊನೆಯ ತಿಂಗಳವರೆಗೆ ಕಾಯದೆ ಅರ್ಜಿ ಹಾಕಬೇಕು.

ಮಾತು ಮುಗಿದ ಮೇಲೆ ಹಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಕೊಟ್ಟಿದ್ದೇನೆ.

ಒಬ್ಬರು ಎದ್ದು ನಿಂತು, ತಮ್ಮ ವಾಸದ ಕಾರ್ಡಿನ ಅವಧಿ ಮುಗಿದು ಎರಡು ತಿಂಗಳ ನಂತರ ಫ್ರಾನ್ಸ್ ಬಿಟ್ಟದ್ದಾಗಿಯೂ, ಅದು ತೊಂದರೆಯಾಗುತ್ತದೆಯೇ ಎಂದೂ ಕೇಳಿದರು. ನವೀಕರಣಕ್ಕೆ ಅರ್ಜಿ ಹಾಕಿದ್ದಿರಾ ಎಂದೆ. ಹಾಕಿದ್ದೆ, ಉತ್ತರ ಬರಲು ತಡವಾಯಿತು ಎಂದರು. ಅರ್ಜಿ ಪರಿಶೀಲನೆಯಲ್ಲಿದೆ ಎಂದು ತೋರಿಸುವ ವಿಸ್ತರಣಾ ಪತ್ರವನ್ನು ಆನ್‌ಲೈನ್ ಖಾತೆಯಲ್ಲಿ ಕೊಟ್ಟಿರುತ್ತಾರೆ, ಆ ಎರಡು ತಿಂಗಳಿಗೆ ಅದೇ ಆಧಾರ. ಇದ್ದರೆ ಮುದ್ರಿಸಿ ಕಡತದಲ್ಲಿ ಇಡಿ. ಇಲ್ಲದಿದ್ದರೆ ಅರ್ಜಿ ಹಾಕಿದ ದಿನದ ರಸೀದಿ, ಕಚೇರಿಗೆ ಬರೆದ ಇ-ಮೇಲ್‌ಗಳು, ಹೊರಟ ದಿನದ ಬೋರ್ಡಿಂಗ್ ಪಾಸ್ ಸೇರಿಸಿ, ಕೇಳುವ ಮೊದಲೇ ಪತ್ರದಲ್ಲಿ ಎರಡು ಸಾಲು ಬರೆದು ತಿಳಿಸಿ. ಅವರಾಗಿ ಕಂಡುಹಿಡಿದ ಮೇಲೆ ಹೇಳಿದ ಸತ್ಯಕ್ಕೆ ಬೆಲೆ ಕಡಿಮೆ.

ಕೊನೆಯ ಸಾಲಿನಲ್ಲಿದ್ದ ಹುಡುಗನೊಬ್ಬ ಬಹಳ ಹೊತ್ತು ಕೈ ಎತ್ತಿಕೊಂಡೇ ಇದ್ದ. "ಸರ್, ಮೊದಲ ಸಲ ಖಂಡಿತ ಹಿಂತಿರುಗುತ್ತೇನೆ ಎಂದು ಒತ್ತಿ ಹೇಳಿ ಎಂದು ಎಲ್ಲರೂ ಹೇಳಿಕೊಟ್ಟಿದ್ದರು. ಈಗಲೂ ಹಾಗೇ ಹೇಳಬೇಕಾ?" ಎಂದು ಕೇಳಿದ. ನಾನು ಹೇಳಿದೆ: ಕೆಲಸ ಹುಡುಕುವ ವೀಸಾ ಕೇಳುತ್ತಾ, ಹೇಗಿದ್ದರೂ ಹಿಂತಿರುಗುತ್ತೇನೆ ಎಂದು ಒತ್ತಿ ಹೇಳಿದರೆ ಕೇಳಿದ್ದಕ್ಕೂ ಹೇಳಿದ್ದಕ್ಕೂ ಹೊಂದುವುದಿಲ್ಲ. ಕೆಲಸ ಸಿಕ್ಕರೆ ಪರವಾನಗಿ ಬದಲಾಯಿಸಿಕೊಂಡು ಉಳಿಯುತ್ತೇನೆ, ಅವಧಿಯೊಳಗೆ ಸಿಗದಿದ್ದರೆ ಹಿಂತಿರುಗುತ್ತೇನೆ, ಇಲ್ಲಿ ನನಗೆ ಇಂಥ ಕೆಲಸವಿದೆ. ನಿಜ ಇದೇ ಆಗಿದ್ದರೆ ಇದನ್ನೇ ಹೇಳು. ಒಮ್ಮೆ ಹೇಳಿದಂತೆ ಹಿಂತಿರುಗಿ ಬಂದಿದ್ದೀಯಲ್ಲ, ಆ ಮಾತಿಗೆ ನಿನ್ನ ಪಾಸ್‌ಪೋರ್ಟಿನ ಮುದ್ರೆಯೇ ಸಾಕ್ಷಿ.

ಅವನು ತಲೆಯಾಡಿಸಿ ಕುಳಿತ. ಸಭೆ ಚದುರಿದ ಮೇಲೆ ಕಡತ ಹಿಡಿದು ವೇದಿಕೆಯ ಹತ್ತಿರ ಬಂದ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಮೊದಲ ಪುಟ, ನಾಲ್ಕು ವರ್ಷದ ಹಿಂದೆ ಅವನೇ ಬರೆದಿದ್ದ ಪ್ರೇರಣಾ ಪತ್ರ. ಗಟ್ಟಿಯಾಗಿ ಓದು ಎಂದೆ.